ಹೊರುವುದು, ಎಳೆಯುವುದು

ಬೋರಿವಲಿ ಲೋಕಲ್ ರೈಲಿನ ಬಾಗಿಲ ಕಂಬಕ್ಕೆ ಒರಗಿ ನಿಂತಿದ್ದ ಶೇಖರ ತನ್ನ ರಕ್‌ಸ್ಯಾಕಿನ ಬಾಯಿ ಬಿಚ್ಚಿ ತೋರಿಸಿದ. ಅರ್ಧ ಖಾಲಿ ಇತ್ತು.

"ಇದೇನು, ಉಪವಾಸ ಮಾಡ್ತಿದೆಯಾ?" ಎಂದಳು ಸುಮಿತ್ರಾ.

"ನಿನ್ನ ಚೀಲಕ್ಕ ಜಾಗಾ ಬಿಟ್ಟೀನಿ. ಮಾತು ಮರ್ತಿ ಏನು?"

"ಮರೆತಿದ್ರೆ ಏನ್ಮಾಡ್ತೀಯ?"

"ಕಲ್ಲು ತುಂಬಕೋತೀನಿ," ಎಂದ. ಅವಳು ದುಪಟ್ಟಾದ ಅಂಚು ಕಚ್ಚಿ ನಕ್ಕಳು. ಅವನು ಆ ನಗುವನ್ನು ನೋಡದವನಂತೆ ನೋಡಿದ.

ಅವರ ಟ್ರೆಕಿಂಗ್ ಕ್ಲಬ್ಬಿನಲ್ಲಿ ಒಂದು ರೂಢಿಯಿತ್ತು. ಗಂಡ ಹೆಂಡತಿ ಮಾತ್ರ ಒಂದೇ ರಕ್‌ಸ್ಯಾಕ್ ಹಂಚಿಕೊಳ್ಳುವುದು. ಇವತ್ತು ಎಲ್ಲರೆದುರು ನನ್ನ ಚೀಲವನ್ನು ನಿನ್ನದರಲ್ಲಿ ಇಡುತ್ತೇನೆ, ಬಾಯಿಬಿಟ್ಟು ಹೇಳುವುದೇ ಬೇಡ, ಸಾಯಂಕಾಲದೊಳಗೆ ಮದುವೆಯಾಗುವ ಸುದ್ದಿ ಸಯನ್ನಿನ ನಮ್ಮ ಫ್ಲ್ಯಾಟಿಗೆ ತಾನಾಗಿ ಮುಟ್ಟುತ್ತದೆ ಎಂದು ಅವಳೇ ಮಾತು ಕೊಟ್ಟಿದ್ದಳು. ಆಂಟಾಪ್ ಹಿಲ್‌ನ ಶೇಖರ ಬ್ಯಾಂಕಿನಲ್ಲಿ ಗುಮಾಸ್ತ. ಅಪ್ಪ ರಾಮಪ್ಪ ಬಂದರಿನ ಗೋದಾಮುಗಳಿಗೆ ಹಾತ್‌ಗಾಡಿ ಎಳೆದು ಬೆನ್ನು ಮುರಿದುಕೊಂಡವನು.

ಗೊರಾಯಿ ಕಡಲತೀರದ ಒದ್ದೆ ಮರಳೇ ಇವತ್ತಿನ ತಾಲೀಮಿಗೆ ಅವರ ಹಿಮ. ಜನವರಿಯಲ್ಲಿ ಹಿಮಾಚಲದ ಕಣಿವೆಗೆ ಹೋಗುವವರಿದ್ದರು. ಸಾಮಾನು ರಕ್‌ಸ್ಯಾಕಿನಲ್ಲಿ ಹೊರುವುದೋ ಸ್ಲೆಡ್ ಎಂಬ ಜಾರುಬಂಡಿಯ ಮೇಲೆ ಎಳೆಯುವುದೋ ಎಂಬುದು ಇವತ್ತು ಇತ್ಯರ್ಥವಾಗಬೇಕಿತ್ತು. ಮುಂದಾಳು ಜಯಸಿಂಹ ಬಡಗಿಯಿಂದ ಹಲಗೆಯ ಸ್ಲೆಡ್ ಮಾಡಿಸಿ ತಂದಿದ್ದ. ಎಲ್ಲರೂ ಬಟ್ಟೆಚೀಲಗಳಿಗೆ ಮರಳು ತುಂಬಿದರು. ಯಾರಿಗೆ ಯಾವುದು ಒಪ್ಪಿಗೆಯೋ ಅದರಲ್ಲಿ ತಮ್ಮ ಚೀಲ ಇಡಬೇಕು.

"ಬಯಲಿನಾಗ ಸ್ಲೆಡ್ ಛಲೋ," ಎಂದ ಶೇಖರ. "ಇಳಿಜಾರು ಬಂತಂದ್ರ ಅದು ಎಳಿಯಾವನ್ನೇ ಕೆಡವ್ತದ. ಅವರವರ ಭಾರ ಅವರವರು ಹೊತ್ರಾತು."

"ಹಿಂದಿನಿಂದ ಹಿಡಿಯೋಕೆ, ಮುಂದಿನಿಂದ ಎಳೆಯೋಕೆ ನೀನಿದೀಯಲ್ಲಪ್ಪ," ಎಂದ ಜಯಸಿಂಹ. "ಹಾತ್‌ಗಾಡಿ ಮನೆತನ. ನಮಗೆ ಟ್ರೇನಿಂಗ್ ಬೇಕು, ನಿಮಗೆ ರಕ್ತದಲ್ಲೇ ಬಂದಿರತ್ತೆ."

ಎಲ್ಲರೂ ನಕ್ಕರು. ಜಾತಿಯ ಹೆಸರೆತ್ತದೆ ಜಾತಿ ಆಡಿ ತೋರಿಸುವ ವಿದ್ಯೆಯನ್ನು ಮೇಲುಜಾತಿಯ ಮನೆಗಳಲ್ಲಿ ಕಾಫಿಯ ಜೊತೆಗೇ ಕುಡಿಸಿರುತ್ತಾರೆ. ಸುಮಿತ್ರಾಳೂ ಕುಡಿದಿದ್ದಳು. ನಗು ಅವಳ ತುಟಿಗೂ ಬಂದುಬಿಟ್ಟಿತು.

ಶೇಖರ ಅವಳನ್ನಷ್ಟೇ ನೋಡಿದ. ರಕ್‌ಸ್ಯಾಕಿನ ಬಾಯಿಯನ್ನು ಎರಡೂ ಕೈಯಲ್ಲಿ ಅಗಲಿಸಿ ಹಿಡಿದು ಕಾದ.

ಒಬ್ಬೊಬ್ಬರಾಗಿ ಸ್ಲೆಡ್ ಮೇಲೆ ಚೀಲ ಎಸೆದರು. ಗಂಡನೊಡನೆ ಒಂದೇ ರಕ್‌ಸ್ಯಾಕ್ ಹೊರುತ್ತಿದ್ದ ವಿಮಲಾ ಕೂಡ ಎಸೆದು, "ಏನೇ ಸುಮಿತ್ರಾ, ಕೈಯಲ್ಲೇ ಹಿಡ್ಕೊಂಡು ನಿಂತ್ಯಲ್ಲ, ಮಗು ಥರ?" ಎಂದಳು.

ಎರಡು ಹೆಜ್ಜೆಯಾಚೆ ಅವನಿದ್ದ. ಅವಳ ಕಣ್ಣಿಗೆ ಅಮ್ಮನ ಮುಖ ಕಟ್ಟಿತು, ಬಿಲ್ಡಿಂಗಿನ ಮೆಟ್ಟಿಲುಗಳ ಪಿಸುಮಾತು ಕೇಳಿತು. ಹಾತ್‌ಗಾಡಿಯವರ ಸೊಸೆ. ಅವಳು ಬಗ್ಗಿ ತನ್ನ ಚೀಲವನ್ನು ಸ್ಲೆಡ್ ಮೇಲಿಟ್ಟಳು. ಎಸೆಯಲಿಲ್ಲ, ಮೆಲ್ಲಗೆ ಇಟ್ಟಳು, ಅದರಿಂದ ಪಾಪ ಕಡಿಮೆಯಾದೀತೆಂಬಂತೆ.

"ಹಗ್ಗ ತಗೊಳಪ್ಪ," ಎಂದ ಜಯಸಿಂಹ.

ಶೇಖರ ರಕ್‌ಸ್ಯಾಕ್ ಹೆಗಲಿಗೇರಿಸಿ ಸ್ಲೆಡ್ಡಿನ ಹಗ್ಗ ಎತ್ತಿಕೊಂಡು ನೇರ ಸುಮಿತ್ರಾಳ ಬಳಿಗೆ ಬಂದ.

"ಇದು ಬರೀ ಟ್ರಿಪ್ ಕಣೋ," ಎಂದಳು ತಗ್ಗಿದ ದನಿಯಲ್ಲಿ. "ಆಮೇಲೆ ಮನೇಲಿ ನಾನೇ ಹೇಳ್ತೀನಿ. ಸ್ವಲ್ಪ ಅರ್ಥ ಮಾಡ್ಕೋ."

"ಆತು. ನಿನ್ನ ಭಾರ ಹೊರಬೇಕಂತ ಆಸೆ ಇತ್ತು ನನಗ. ಎಳಿಯೂ ಆಸೆ ಇರಲಿಲ್ಲ."

"ಶೇಖರ, ಎಲ್ಲಾರೂ ನೋಡ್ತಿದಾರೆ."

"ಅದಕ್ಕ ಹೆದರಿದಿ."

ಹಗ್ಗವನ್ನು ಅವಳ ಸೊಂಟಕ್ಕೆ ಸುತ್ತಿದ. ಬಹಳ ನಾಜೂಕಾಗಿ ಸುತ್ತಿದ, ಬೆರಳು ಮೈಗೆ ತಾಕದ ಹಾಗೆ. ಗಂಟು ಹಾಕಿ, ಬಿಗಿ ಹೆಚ್ಚಾಯಿತೇನೋ ಎಂದು ಕೇಳಿದ. ಅವಳು ಇಲ್ಲವೆಂದು ತಲೆಯಾಡಿಸಿದಳು.

"ಆರಿಸ್ಕೊಂಡಾಕಿ ನೀನು. ಎಳಿ," ಎಂದು ಹೊರಟ.

ಅವಳು ಅವನ ಹಿಂದೆ ಓಡಲು ನೋಡಿದಳು. ಹಗ್ಗ ಸೆಟೆದು ಹಿಂದಕ್ಕೆ ಜಗ್ಗಿತು. ಅಷ್ಟೂ ಜನರ ಮರಳು ಅವಳೊಬ್ಬಳ ಸೊಂಟಕ್ಕೆ ಬಿಗಿದಿತ್ತು. ಮಂಡಿಯೂರಿ ಬಿದ್ದಳು.

"ಬಿಡಿ, ಸಿಟ್ಟಿನ ಜಾತಿ. ಎಳೆಯೋಕೆ ಇನ್ನೊಬ್ಬ ಸಿಗ್ತಾನೆ," ಎಂದ ಜಯಸಿಂಹ, ಸಿಗರೇಟು ಹಚ್ಚುತ್ತ. ಅವಳನ್ನು ಎಬ್ಬಿಸಲು ಯಾರೂ ಬಗ್ಗಲಿಲ್ಲ.

ಗಾಳಿಮರಗಳ ಅಂಚಿನಲ್ಲಿ ದೋಣಿಗಳ ಜೆಟ್ಟಿಗೆ ಹೋಗುವ ಕುದುರೆ ಟಾಂಗಾ ನಿಂತಿತ್ತು. ಮೀನು ಮಾರುವ ಮುದುಕಿಯೊಬ್ಬಳು ಬುಟ್ಟಿ ಏರಿಸಲಾರದೆ ಒದ್ದಾಡುತ್ತಿದ್ದಳು. ಶೇಖರ ಆ ಬುಟ್ಟಿ ಎತ್ತಿ, ಟಾಂಗಾದಲ್ಲಿ ಕೂತು, ನೀರು ಸೋರುವ ಅದನ್ನು ತನ್ನ ತೊಡೆಯ ಮೇಲಿಟ್ಟುಕೊಂಡ. ಮುದುಕಿ ಏನೋ ಅಂದಳು. ಅವನು ನಕ್ಕದ್ದು ಸುಮಿತ್ರಾಳಿಗೆ ಅಷ್ಟು ದೂರದಿಂದಲೂ ಕಂಡಿತು.