ಮಧ್ಯಾಹ್ನದ ಖಾಲಿ ದೋಣಿ

"ದೋಣಿ ನಿಲ್ಸಿ! ನನ್ನ ಮೀನು ನಿಮ್ಮ ಹತ್ರ ಇದೆ!"

ನಡುಹೊಳೆಯಲ್ಲಿ ಅಂಬಿಗ ಹುಟ್ಟು ಹಾಕುವುದನ್ನೇ ಮರೆತ. ದಡದಲ್ಲಿ ನಿಂತಿದ್ದ ಹುಡುಗಿಯ ಕೈಯ ಆಂಟೆನಾ ನೇರ ಅವನ ಎದೆಗೇ ಗುರಿಯಿಟ್ಟಿತ್ತು.

"ಹುಡುಕ್ಕೊಳ್ಳಿ ಮೇಡಂ. ಬುತ್ತಿ ಬಿಟ್ರೆ ಇಲ್ಲೇನೂ ಇಲ್ಲ."

ಅಬ್ಬಾ, ಆ ನಗು! ಅವಳಿಗೆ ಮೈಯೆಲ್ಲ ಉರಿಯಿತು.

ಅಳಿವಿನಂಚಿನ ಹೊಳೆಮೀನುಗಳ ದಿನಚರಿ ಬರೆಯುವುದು ಅವಳ ಕೆಲಸ. ಹದಿನೇಳನೇ ನಂಬರಿನ ಮೀನಿನ ಹೊಟ್ಟೆಯಲ್ಲಿಟ್ಟ ಪುಟ್ಟ ಯಂತ್ರ 'ಟಿಕ್... ಟಿಕ್...' ಎನ್ನುತ್ತ ಅವಳ ಕೈಯ ಆಂಟೆನಾಗೆ ಅದರ ಜಾಡು ಹೇಳುತ್ತಿತ್ತು. ಅಂಬಿಗನ ದಡದ ಮಡುವಿನಲ್ಲಿ ಅದರ ವಾಸ, ಅವಳ ದಡದ ಕಲ್ಲುಗಳ ಮೇಲಿನ ಪಾಚಿಯೇ ಊಟ. ಆದರೆ ಅದು ಹೊಳೆ ದಾಟುತ್ತಿದ್ದದ್ದು ಮಧ್ಯಾಹ್ನ, ಒಬ್ಬ ಪ್ರಯಾಣಿಕನೂ ಇಲ್ಲದ ಖಾಲಿ ದೋಣಿಯ ಜೊತೆ ಮಾತ್ರ!

'ತಿಂಡಿ ಹಾಕಿ ಪಳಗಿಸ್ತಿದ್ದಾನೆ ಕಳ್ಳ!' ಹಿಂದೆಮುಂದೆ ನೋಡದೆ ದೂರು ಕೊಟ್ಟಳು.

"ಖಾಲಿ ದೋಣಿ ಯಾಕಪ್ಪಾ ತರ್ತೀಯ?" ಎಂದು ಅಧಿಕಾರಿ ಕೇಳಿದರೆ ಅವನು ತುಟಿಪಿಟಿಕ್ಕೆನ್ನಲಿಲ್ಲ. ದೋಣಿಯ ಓಡಾಟಕ್ಕೆ ತಡೆ ಬಿತ್ತು.

"ನನ್ ತಮ್ಮನ ಹೊಟ್ಟೆ ಮೇಲೆ ಹೊಡೆದ್ರಲ್ಲಮ್ಮಾ!" ಎಂದಳು ಅವನ ಅಕ್ಕ.

ಆರು ದಿನ ಮೀನು ಮಡು ಬಿಟ್ಟು ಕದಲಲಿಲ್ಲ. ಹಸಿವಿನಿಂದ ಸತ್ತೇ ಹೋಗುತ್ತದೇನೋ... ಏಳನೇ ದಿನ ಅದು ಮೆಲ್ಲನೆ ತಿಳಿನೀರಿಗೆ ಬಂತು. ಮರುಕ್ಷಣವೇ ಹದ್ದೊಂದು ಎರಗಿತು! ಕೂದಲೆಳೆಯ ಅಂತರದಲ್ಲಿ ಪಾರಾದ ಮೀನು ಮತ್ತೆ ಮಡು ಸೇರಿತು.

ಅವಳಿಗೆ ಥಟ್ಟನೆ ಹೊಳೆಯಿತು. ನೆರಳು! ನೆತ್ತಿಯ ಮೇಲೆ ಸೂರ್ಯ ಬಂದಾಗ, ದೋಣಿಯ ನೆರಳಿನಡಿಯಲ್ಲಿ ಹದ್ದಿನ ಕಣ್ಣು ತಪ್ಪಿಸಿ ದಾಟುತ್ತಿತ್ತು ಆ ಜೀವ. ಅಬ್ಬಬ್ಬಾ, ಎಂಥ ಬುದ್ಧಿ! ತಾನು ಮಾಡಿದ್ದೇನು!

'ತಪ್ಪು ನನ್ನದೇ' ಎಂದು ಬರೆದುಕೊಟ್ಟು, ದೋಣಿಗೆ ಅಪ್ಪಣೆ ತಂದು, ದೂರದ ಸೇತುವೆ ಸುತ್ತಿ ಅವನ ಮನೆಬಾಗಿಲಲ್ಲಿ ನಿಂತಳು. ನಡುಮಧ್ಯಾಹ್ನ ಅವನು ಅವಳನ್ನು ಕೂರಿಸಿಕೊಂಡು ದೋಣಿ ಇಳಿಸಿದ.

ನಡುಹೊಳೆಯಲ್ಲಿ, ಕಾಲಡಿಯಿಂದಲೇ ಟಿಕ್... ಟಿಕ್... ಅವಳು ಬಗ್ಗಿ ನೋಡಿದಳು. ನೆರಳಿನಲ್ಲೊಂದು ತಾಮ್ರಬಣ್ಣದ ಬೆನ್ನು. ಹಿಂದೆ ಇನ್ನೊಂದು, ಮತ್ತೊಂದು... ಹತ್ತಾರು! ಯಂತ್ರವಿಲ್ಲದವು, ಇಷ್ಟು ದಿನ ಅವಳ ಕಣ್ಣಿಗೇ ಬೀಳದವು. ಅವನೂ ಹುಟ್ಟು ಬಿಟ್ಟು ಬಗ್ಗಿದ. ಅವಳ ಕಣ್ಣು ತುಂಬಿ ಬಂತು.

"ಇವು ಜೊತೆಗೆ ಬರೋದು ನಿಮಗೆ ಗೊತ್ತಿತ್ತಾ?"

"ದೇವರಾಣೆ ಇಲ್ಲ."

"ಮತ್ತೆ ಆ ಉರಿಬಿಸಿಲಲ್ಲಿ ಖಾಲಿ ದೋಣಿ ಯಾಕೆ ತರ್ತಿದ್ರಿ?"

ಅವನು ತಲೆ ತಗ್ಗಿಸಿದ. "ಆ ಹೊತ್ತಲ್ಲಿ ನೀವು ಆ ದಡದಲ್ಲಿ ಕೂತು ಊಟ ಮಾಡ್ತಿದ್ರಿ... ಹತ್ತಿರದಿಂದ ಒಂದ್ಸಲ ನೋಡ್ಕೊಂಡು ಬರೋಣ ಅಂತ. ಇಷ್ಟ ಆಗಿದ್ರಿ. ಇದನ್ನ ಸಾಹೇಬ್ರ ಮುಂದೆ ಹೇಳೋಕಾಗುತ್ತಾ ಮೇಡಂ?"

ಅಳುವಿನ ನಡುವೆಯೇ ಅವಳಿಗೆ ನಗು ಉಕ್ಕಿತು.

"ನಾಳೆ ಬುತ್ತಿ ಇಬ್ಬರಿಗಾಗೋಷ್ಟು ತನ್ನಿ. ಮಧ್ಯಾಹ್ನ ಕಾಯ್ತಿರ್ತೀವಿ."

"ಯಾರು? ನೀವಾ, ಮೀನಾ?"

"ಇಬ್ಬರೂ..."