ಹೋಗಲು ಎಂಟು ಗಂಟೆ, ಬರಲು ಹತ್ತು

ತಾನು ಪ್ರೀತಿಸುವ ಹುಡುಗ ಏಳು ಸಾವಿರದ ಎಂಟುನೂರು ಕಿಲೋಮೀಟರ್ ದೂರ ಹೊರಟಿದ್ದಾನೆಂದು ಅವಳಿಗೆ ತಿಳಿದದ್ದು ಕ್ಯಾಂಟೀನಿನ ನೋಟಿಸ್ ಬೋರ್ಡಿನಿಂದ. ವರ್ಗಾವಣೆ ಪಟ್ಟಿಯ ಮೂರನೆಯ ಸಾಲಿನಲ್ಲಿ ಅವನ ಹೆಸರಿತ್ತು.

ವಿಮಾನ ಯಾವ ದಾರಿಯಲ್ಲಿ, ಎಷ್ಟು ಎತ್ತರದಲ್ಲಿ ಹೋಗಬೇಕೆಂದು ಲೆಕ್ಕ ಹಾಕುವುದು ಅವಳ ಕೆಲಸ. ದಿನವಿಡೀ ಆಕಾಶದ ಗಾಳಿಯನ್ನೇ ನೋಡುತ್ತ ಕೂರುವ ಅವಳನ್ನು ವಿಮಾನ ನಿಲ್ದಾಣದವರೆಲ್ಲ 'ಗಾಳಿ ಮೇಡಂ' ಎನ್ನುತ್ತಿದ್ದರು. ಹಾಗೆ ಮೊದಲು ಕರೆದವನು ಅಲ್ಲೇ ಇಂಜಿನ್ ಮೆಕ್ಯಾನಿಕ್ ಆಗಿದ್ದ ಈ ಹುಡುಗನೇ.

ಮಧ್ಯಾಹ್ನ ಅವನು ಎಂದಿನಂತೆ ಅವಳ ಮೇಜಿನ ಬಳಿ ಬಂದ.

"ಊಟ ಆಯ್ತಾ?"

"ಆಯ್ತು. ನೋಟಿಸ್ ಬೋರ್ಡ್ ಓದಿದ್ದೂ ಆಯ್ತು."

ಅವನ ಮುಖ ಇಳಿಯಿತು. "ಇವತ್ತೇ ಹೇಳೋಣ ಅಂತಿದ್ದೆ."

"ನೀನು ಅರ್ಜಿ ಹಾಕಿ ಎರಡು ತಿಂಗಳಾಗಿದೆ ಅಂತ ಅಲ್ಲೇ ಬರೆದಿದೆ. ಅಷ್ಟು ದಿನದಲ್ಲಿ ಇವತ್ತೇ ಸಿಕ್ತಾ ನಿನಗೆ?"

"ಹೊಸ ಇಂಜಿನ್ ಕಲಿಯೋಕೆ ಸಿಗುತ್ತೆ ಕಣೆ. ಎರಡೇ ವರ್ಷ. ದೂರ ಅಂದ್ರೂ ಎಂಟು ಗಂಟೆ ಇಪ್ಪತ್ತು ನಿಮಿಷ. ಒಂದು ನಿದ್ದೆ ಮಾಡಿ ಎದ್ರೆ..."

ಅವಳ ಮೈಯೆಲ್ಲ ಉರಿದುಹೋಯಿತು. "ನನಗೇ ಗಾಳಿ ಲೆಕ್ಕ ಹೇಳಿಕೊಡ್ತೀಯಾ? ಹೋಗುವಾಗ ಗಾಳಿ ಬೆನ್ನಿಗಿರುತ್ತೆ, ಅದಕ್ಕೆ ಎಂಟು ಗಂಟೆ. ಬರುವಾಗ ಎದುರು ಗಾಳಿ. ಹತ್ತು ಗಂಟೆ ಹತ್ತು ನಿಮಿಷ. ನನ್ನ ಬಿಟ್ಟು ಹೋಗೋದು ಬೇಗ, ನನ್ನ ಹತ್ರ ಬರೋದು ತಡ. ಅದನ್ನ ಯೋಚಿಸಿದ್ಯಾ?"

ಪಕ್ಕದ ಮೇಜಿನ ಹಿರಿಯ ಹವಾಮಾನ ಅಧಿಕಾರಿಗೆ ಇದ್ದಕ್ಕಿದ್ದಂತೆ ತಮ್ಮ ಪರದೆಯ ಮೋಡಗಳ ಮೇಲೆ ಭಾರೀ ಪ್ರೀತಿ ಹುಟ್ಟಿತು.

ಅವನು ಜೇಬಿನಿಂದ ಮಡಿಸಿದ ಕಾಗದವೊಂದನ್ನು ತೆಗೆದು ಅವಳ ಮುಂದಿಟ್ಟ. ಅಲ್ಲಿನ ಕ್ವಾರ್ಟರ್ಸಿಗೆ ಅರ್ಜಿ. ಜೊತೆಗೆ ಬರುವವರು ಎಂಬಲ್ಲಿ ಅವಳ ಹೆಸರು. ಸಂಬಂಧ: ಹೆಂಡತಿ.

ಅವಳು ಎರಡು ಸಲ ಓದಿದಳು. "ನಮ್ಮ ಮದುವೆ ಯಾವಾಗ ಆಯ್ತು? ಹೇಳಿದ್ರೆ ನಾನೂ ಬರ್ತಿದ್ದೆ."

ಅವನ ಕಿವಿ ಕೆಂಪಾಯಿತು; ಓರೆಗಣ್ಣಿನಿಂದ ಅವಳನ್ನು ನೋಡಿದ. ತಪ್ಪು ಸಿಕ್ಕಿಬಿದ್ದಾಗ ಹಾಗೆ ನೋಡುವುದು ಅವನ ಅಭ್ಯಾಸ; ಆ ನೋಟಕ್ಕೆ ಕರಗಿಬಿಡುವುದು ಅವಳ ಅಭ್ಯಾಸ. ಇಂದು ಅವಳು ಹಲ್ಲುಕಚ್ಚಿ ಕೂತಳು.

"ಕೇಳಿದ್ರೆ ಬೇಡ ಅಂತೀಯೇನೋ ಅಂತ ಹೆದರಿದ್ದೆ" ಎಂದ ಮೆಲ್ಲಗೆ. "ನಾಲ್ಕು ವರ್ಷದಿಂದ ಬಾಯಿವರೆಗೂ ಬಂದು ವಾಪಸ್ ಹೋಗ್ತಿದೆ."

ಅವಳು ಪೆನ್ನು ತೆಗೆದು 'ಹೆಂಡತಿ' ಎಂಬುದನ್ನು ಕಾಗದ ಹರಿಯುವಷ್ಟು ಜೋರಾಗಿ ಹೊಡೆದುಹಾಕಿದಳು.

"ಈಗ ಕೇಳು."

"ಇಲ್ಲೇನಾ? ಎಲ್ಲರ ಮುಂದೆ?"

"ನೀನು ಹೋಗೋದು ಬೋರ್ಡಿನಲ್ಲಿ ಎಲ್ಲರ ಮುಂದೆ ಬರಲಿಲ್ವಾ?"

ಅವನು ಗಂಟಲು ಸರಿಮಾಡಿಕೊಂಡ. "ನನ್ನ ಮದುವೆ ಆಗ್ತೀಯಾ?"

"ಆಗ್ತೀನಿ. ಆದ್ರೆ ಅಲ್ಲಿಗೆ ಬರಲ್ಲ. ನನ್ನ ಕೆಲಸ ಇಲ್ಲಿದೆ, ಮುಂದಿನ ತಿಂಗಳು ಬಡ್ತಿ ಪರೀಕ್ಷೆ ಇದೆ. ಅದನ್ನೂ ನೀನು ಕೇಳಲಿಲ್ಲ. ಹೋಗು, ನಿನ್ನ ಇಂಜಿನ್ ಕಲಿತು ಬಾ. ನಾನು ಎಲ್ಲೂ ಹೋಗಲ್ಲ."

"ಅಷ್ಟು ಸಿಟ್ಟಾ?"

"ಅಷ್ಟೇ ಸಿಟ್ಟು."

ಹಾಗೆನ್ನುವಾಗ ದನಿ ಒಡೆಯಿತು. ಅದಕ್ಕೂ ಅವನ ಮೇಲೆಯೇ ಸಿಟ್ಟು ಬಂದು, ಅವನ ಕೈಯನ್ನು ಬರಸೆಳೆದು ಬಿಗಿಯಾಗಿ ಹಿಡಿದುಕೊಂಡಳು. ಮೇಜಿನ ಫೋನ್ ಎರಡು ಸಲ ಬಡಿದುಕೊಂಡಿತು. ಅವಳು ಬಿಡಲಿಲ್ಲ.