ಒಂದು ದಿನದ ಗಡಿಯಾರ

ಹಾಲನ್ ಮೇಷ್ಟ್ರು ಬೆಳಬೆಳಿಗ್ಗೆಯೇ ಕುಡಿದು ಚರ್ಚಿಗೆ ಬರುತ್ತಾರೆ ಎಂದು ಪಾದ್ರಿ ಅಯ್ಯನವರಿಗೆ ದೂರು ಹೇಳಿದವಳು ನಾನೇ. ನನ್ನ ಪ್ರೇಮದ ಕಥೆ ಶುರುವಾದದ್ದು ಆ ಚಾಡಿಯಿಂದ. ಈಗ ಮುಚ್ಚಿಟ್ಟು ಆಗಬೇಕಾದ್ದೇನೂ ಇಲ್ಲ.

ನನ್ನ ಹೆಸರು ಚಿನ್ನಿ. ಆಗ ನನಗೆ ಇಪ್ಪತ್ತು ವರ್ಷ. ಊಟಿಗೆ ರೈಲು ಬಂದು ಎರಡು ವರ್ಷವಾಗಿತ್ತು. ಲವ್‌ಡೇಲ್ ಸ್ಟೇಷನ್ನಿನಿಂದ ಒಂದು ಮೈಲಿ ಕೆಳಗೆ, ನಾವು ಕರ್ಪೂರದ ಮರ ಎನ್ನುವ ನೀಲಗಿರಿ ಮರಗಳ ತೋಪಿನ ಪಕ್ಕದಲ್ಲಿ ನಮ್ಮ ಮಿಷನ್ ಕೇರಿ. ಹದಿನೈದು ಮನೆ, ಒಂದು ಶಾಲೆ, ಒಂದು ಹೆಂಚಿನ ಚರ್ಚು. ನಮ್ಮಪ್ಪ ಬೆಟ್ಟಯ್ಯ ಗುಂಡ್ಲುಪೇಟೆ ಕಡೆಯಿಂದ ಗಾಡಿ ಹೊಡೆದುಕೊಂಡು ಬೆಟ್ಟ ಹತ್ತಿದವನು. ಇಲ್ಲಿ ದೀಕ್ಷಾಸ್ನಾನ ಪಡೆದು ಆಲೂಗೆಡ್ಡೆ ಬೆಳೆಯುತ್ತ ನೆಲೆನಿಂತ. ಚರ್ಚಿನ ಕಸ ಗುಡಿಸಿ ದೀಪದ ಗಾಜು ಒರೆಸುವುದು ನನ್ನ ಕೆಲಸ.

ಹಾಲನ್ ಮೇಷ್ಟ್ರು ಎದುರು ಗುಡ್ಡದ ಬಡಗರ ಹಟ್ಟಿಯವರು. ಹದಿನೆಂಟನೇ ವಯಸ್ಸಿನಲ್ಲಿ ಕ್ರೈಸ್ತರಾದಾಗ ಹಟ್ಟಿ ಅವರನ್ನು ಕೈಬಿಟ್ಟಿತು. ಹೆತ್ತ ತಾಯಿಯೂ ಮಾತು ನಿಲ್ಲಿಸಿದಳು. ಅದಾಗಿ ಹನ್ನೆರಡು ವರ್ಷ. ಶಾಲೆಯಲ್ಲಿ ಕನ್ನಡ ಕಲಿಸುತ್ತ, ಚರ್ಚಿಗೆ ಅಂಟಿಕೊಂಡ ಕೋಣೆಯಲ್ಲಿ ಒಬ್ಬರೇ ಇದ್ದರು. ಬೆಳಿಗ್ಗೆ ಆರಕ್ಕೆ ಚರ್ಚಿನ ಗೋಡೆ ಗಡಿಯಾರಕ್ಕೆ ಕೀಲಿ ಕೊಡುವುದು ಅವರ ಪಾಲಿನ ಸೇವೆ.

ಒಂದು ದಿನ ಸ್ಟೂಲಿನ ಮೇಲೆ ನಿಂತ ಮೇಷ್ಟ್ರ ಕೈಯಿಂದ ಕೀಲಿ ಜಾರಿ ಬಿತ್ತು. ಇಳಿದು ಎತ್ತಿಕೊಂಡರು. ಮತ್ತೆ ಬಿತ್ತು. ಮೂರನೇ ಸಲ ಇಳಿಯುವಾಗ ತಾವೇ ತೂರಾಡಿ ಬೆಂಚು ಹಿಡಿದುಕೊಂಡರು. ಅಪ್ಪ ಕುಡಿಯುತ್ತಿದ್ದ ಕಾಲವನ್ನು ಕಂಡವಳು ನಾನು. ನನಗೆ ಮೂಸಿ ನೋಡುವ ಅಗತ್ಯವೇ ಇರಲಿಲ್ಲ. ಪೊರಕೆ ಅಲ್ಲೇ ಬಿಸಾಕಿ ಪಾದ್ರಿ ಅಯ್ಯನವರ ಬಂಗಲೆಗೆ ಓಡಿದೆ.

ಸಂಜೆ ಅಯ್ಯನವರು ನನ್ನನ್ನು ಕರೆಸಿದರು. "ಅವನು ಕುಡಿದಿಲ್ಲ, ಮಗಳೇ. ಅವನ ನರಗಳು ಒಣಗುತ್ತಿವೆ. ಊಟಿಯ ಡಾಕ್ಟರು ನೋಡಿದ್ದಾರೆ. ಮೊದಲು ಕೈ, ಆಮೇಲೆ ಕಾಲು, ಆಮೇಲೆ ಮಾತು. ಎರಡು ವರ್ಷ ಇರಬಹುದು. ಔಷಧಿ ಇಲ್ಲ."

ಭೂಮಿ ಬಾಯಿಬಿಟ್ಟು ನನ್ನನ್ನು ನುಂಗಬಾರದೇ ಅನಿಸಿತು.

ಮರುದಿನ ಬೆಳಿಗ್ಗೆ ಮೇಷ್ಟ್ರು ಸ್ಟೂಲಿನ ಪಕ್ಕದಲ್ಲಿ ಕೀಲಿ ಹಿಡಿದು ನಿಂತಿದ್ದರು.

"ಮೇಷ್ಟ್ರೇ, ತಪ್ಪಾಯ್ತು. ನೀವು ಕುಡ್ದಿದ್ದೀರಾ ಅಂದ್ಕೊಂಡುಬುಟ್ಟೆ."

"ಕುಡಿದಿದ್ದರೆ ಚೆನ್ನಾಗಿತ್ತು, ಚಿನ್ನಿ. ಹೊತ್ತು ಏರಿದ ಮೇಲೆ ಇಳೀತಿತ್ತು."

ಹೇಳಿ ಅವರು ನಕ್ಕರು, ನಾನು ಅತ್ತೆ.

"ಅಳಬೇಡ. ತಪ್ಪಿಗೆ ಶಿಕ್ಷೆ ಬೇಕು ತಾನೆ? ಸ್ಟೂಲು ಹತ್ತು."

ಹತ್ತಿದೆ. ಅವರು ಕೆಳಗಿನಿಂದ ಹೇಳಿಕೊಟ್ಟರು. "ಹದಿನಾಲ್ಕು ಸುತ್ತು. ಒಂದು ಹೆಚ್ಚಾದರೆ ಸ್ಪ್ರಿಂಗ್ ಮುರಿಯುತ್ತೆ. ಒಂದು ಕಡಿಮೆಯಾದರೆ ನಾಳೆ ಬೆಳಗಾಗೋದಕ್ಕೆ ಮೊದಲೇ ನಿಲ್ಲುತ್ತೆ."

"ದಿನಾಲೂ ಕೊಡ್ಬೇಕಾ?"

"ದಿನಾ. ಇದು ಒಂದು ದಿನದ ಗಡಿಯಾರ. ಅಯ್ಯನವರು ಎಂಟು ದಿನದ್ದು ತರಿಸ್ತೀನಿ ಅಂದರು, ನಾನೇ ಬೇಡ ಅಂದೆ. ಎಂಟು ದಿನ ನನ್ನನ್ನ ಇಲ್ಲಿಗೆ ಯಾರು ಕರೀತಾರೆ?"

ಅಂದಿನಿಂದ ನಾನು ಕೀಲಿ ತಿರುಗಿಸುವುದು, ಅವರು ಎಣಿಸುವುದು. ಅವರ ಎಣಿಕೆ ತಪ್ಪಿದ್ದು ಒಂದೇ ಸಲ. ಒಂಬತ್ತು ಎಂದವರು ಸುಮ್ಮನಾದರು. ತಿರುಗಿ ನೋಡಿದರೆ ಅವರ ಕಣ್ಣು ಗಡಿಯಾರದ ಮೇಲಿರಲಿಲ್ಲ, ನನ್ನ ಜಡೆಯ ಮೇಲಿತ್ತು.

"ಒಂಬತ್ತಾದ ಮೇಲೆ ಎಷ್ಟು, ಮೇಷ್ಟ್ರೇ?"

"ನಾನು ಕನ್ನಡ ಮೇಷ್ಟ್ರು. ಲೆಕ್ಕ ನನ್ನ ವಿಷಯವಲ್ಲ," ಎಂದರು. ಕಿವಿ ಕೆಂಪಗಾಗಿತ್ತು.

ಚಳಿಗಾಲದ ಹೊತ್ತಿಗೆ ಅವರ ಬೆರಳಲ್ಲಿ ಸೀಮೆಸುಣ್ಣ ನಿಲ್ಲದಾಯಿತು. ಶಾಲೆ ಬಿಟ್ಟರು. ಅಂಗಿಯ ಗುಂಡಿ ಹಾಕಲು ಅರ್ಧ ಗಂಟೆ ಹಿಡಿಯುತ್ತಿತ್ತು. ಆದರೂ ಆರಕ್ಕೆ ಎರಡು ಕೋಲು ಊರಿಕೊಂಡು ಬಂದು ಮುಂದಿನ ಬೆಂಚಿನಲ್ಲಿ ಕೂರುತ್ತಿದ್ದರು. ಕೈ ಜೋಡಿಸಲಾಗದೆ ಒಂದರ ಮೇಲೊಂದು ಇಟ್ಟುಕೊಂಡು ಪ್ರಾರ್ಥಿಸುತ್ತಿದ್ದರು. ಬರುವಾಗಿನ ಮುಖ ಬೇರೆ, ಏಳುವಾಗಿನ ಮುಖ ಬೇರೆ. ಇದನ್ನು ಯಾರೋ ಹೇಳಿದ್ದರೆ ನಾನು ನಂಬುತ್ತಿರಲಿಲ್ಲ. ದಿನಾ ಕಸ ಗುಡಿಸುತ್ತ ಕದ್ದು ನೋಡಿದವಳು ನಾನು.

ಮೈ ಸವೆದರೂ ಒಳಗಿರುವವನು ದಿನಾ ಹೊಸಬನಾಗುತ್ತಾನೆ ಎಂಬ ಬೈಬಲಿನ ಅಪೊಸ್ತಲನ ಮಾತನ್ನು ಮೇಷ್ಟ್ರು ಅಕ್ಷರಶಃ ನಂಬಿದ್ದರು. ಅದನ್ನೇ ನನ್ನೊಂದಿಗೆ ಆಟ ಮಾಡಿಕೊಂಡರು.

"ನಮಸ್ಕಾರ. ನನ್ನ ಹೆಸರು ಹಾಲನ್. ನಿಮ್ಮನ್ನ ಎಲ್ಲೋ ನೋಡಿದ ಹಾಗಿದೆ."

"ನಿನ್ನೆ ಇಲ್ಲೇ ನೋಡಿದ್ರಲ್ಲ."

"ಅದು ನಿನ್ನೆಯವನು. ಅವನು ಹೋದ. ನಾನು ಇವತ್ತಿನವನು, ಹೊಸಬ."

"ಹೊಸಬ್ರ ಅಂಗಿ ಮಾತ್ರ ಹಳೇದೇ ಅದೆ," ಎನ್ನುತ್ತ ಬಿಟ್ಟುಹೋದ ಗುಂಡಿಯನ್ನು ನಾನು ಹಾಕುತ್ತಿದ್ದೆ. ಅವರು ಉಸಿರು ಬಿಗಿಹಿಡಿದು ಮೇಲೆ ಹೆಂಚು ನೋಡುತ್ತಿದ್ದರು. ನಾನು ಬೇಕೆಂದೇ ನಿಧಾನ ಮಾಡುತ್ತಿದ್ದೆ.

ಒಂದು ಬೆಳಿಗ್ಗೆ ಗುಂಡಿ ಹಾಕುತ್ತ ಕೇಳಿಬಿಟ್ಟೆ. "ಮೇಷ್ಟ್ರೇ, ನನ್ನ ಮದ್ವೆ ಆಗ್ತೀರಾ?"

ಅವರ ಮುಖದ ನಗು ಆರಿಹೋಯಿತು. "ಇಲ್ಲ. ನಾಳೆ ನನಗೆ ಅನ್ನ ತಿನ್ನಿಸಬೇಕಾಗುತ್ತೆ. ಆಮೇಲೆ ಎತ್ತಿ ಕೂರಿಸಬೇಕು. ಆಮೇಲೆ ಹೂಳಬೇಕು. ಅದಕ್ಕೆ ಹೆಂಡತಿ ಬೇಡ. ಇನ್ನೊಂದು ಸಲ ಕೇಳಬೇಡ, ಚಿನ್ನಿ."

ಮರುದಿನ ಕೀಲಿ ಕೊಟ್ಟು ಇಳಿದು ಮತ್ತೆ ಕೇಳಿದೆ.

"ನಿನ್ನೆ ಹೇಳಿದೆನಲ್ಲ!"

"ಅದು ನಿನ್ನೆಯವ್ರು. ಅವ್ರು ಹೋದ್ರಲ್ಲ. ನಾನು ಕೇಳ್ತಿರೋದು ಇವತ್ತಿನವ್ರನ್ನ."

ತಮ್ಮದೇ ಪಾಠಕ್ಕೆ ಸಿಕ್ಕಿಬಿದ್ದ ಮೇಷ್ಟ್ರನ್ನು ನೋಡುವುದು ಎಷ್ಟು ಚೆಂದ! ಆದರೂ ಅವರ ಉತ್ತರ ಇಲ್ಲವೆಂದೇ.

ನಾನು ಬಿಡಲಿಲ್ಲ. ದಿನಾ ಹದಿನಾಲ್ಕು ಸುತ್ತು, ದಿನಾ ಅದೇ ಪ್ರಶ್ನೆ. ಒಂದೊಂದು ದಿನ "ಇವತ್ತಿನವನೂ ಹಟಮಾರಿ," ಎನ್ನುತ್ತಿದ್ದರು. ಒಂದೊಂದು ದಿನ ತಲೆಯಷ್ಟೇ ಆಡಿಸುತ್ತಿದ್ದರು. ಆದರೆ ನಾನು ತಡವಾಗಿ ಬಂದರೆ ಅವರ ಕಣ್ಣು ಬಾಗಿಲಲ್ಲೇ ಇರುತ್ತಿತ್ತು. ಅದು ನನಗೆ ಗೊತ್ತಿತ್ತು.

ಅಪ್ಪನಿಗೂ ಗೊತ್ತಾಯಿತು. ಕೂನೂರಿನ ಒಬ್ಬ ಗುಮಾಸ್ತನಿಗೆ ನನ್ನನ್ನು ಗೊತ್ತುಮಾಡಿ ಬಂದ. ಸುದ್ದಿ ಕೇರಿಗೆಲ್ಲ ಹಬ್ಬಿತು. ನಮ್ಮಲ್ಲಿ ಮದುವೆಗೆ ಮೊದಲು ಮೂರು ಭಾನುವಾರ ಗಂಡುಹೆಣ್ಣಿನ ಹೆಸರನ್ನು ಚರ್ಚಿನಲ್ಲಿ ಓದುತ್ತಾರೆ. ಬರುವ ಭಾನುವಾರವೇ ಮೊದಲನೇ ಸಲ ಓದಿಸುತ್ತೇನೆಂದ.

"ಸಾಯೋ ಮನ್ಸನ್ನ ಕಟ್ಕೊಂಡು ಏನವ್ವಾ ಮಾಡೀಯೆ?"

"ನೀನು ಸಾಯಕ್ಕಿಲ್ವಾ ಅಪ್ಪಯ್ಯ? ಕೂನೂರಿನವ್ನು ಸಾಯಕ್ಕಿಲ್ವಾ?"

"ಬಾಯಿ ಮಾತ್ರ ಬಲು ಜೋರು ನಿಂದು. ಭಾನ್ವಾರದೊಳ್ಗೆ ಮೇಷ್ಟ್ರು ಹೂಂ ಅಂದ್ರೆ ಅವ್ರ ಹೆಸ್ರೇ ಓದ್ಸಾನ. ಇಲ್ದಿದ್ರೆ ಬಾಯ್ಮುಚ್ಕೊಂಡು ಕೂನೂರಿಗೆ ನಡಿ." ಅಪ್ಪನ ಕಣ್ಣಲ್ಲಿ ನೀರಿತ್ತು. ಕೆಟ್ಟವನಲ್ಲ ನಮ್ಮಪ್ಪ.

ಶುಕ್ರವಾರ ಬೆಳಿಗ್ಗೆ ಚರ್ಚಿನ ಬಾಗಿಲು ತೆರೆದರೆ ಮೇಷ್ಟ್ರು ನೆಲದ ಮೇಲಿದ್ದರು. ಮೊಣಕಾಲೂರಲು ಹೋಗಿ ಬಿದ್ದಿದ್ದರು. ಪಂಚೆ ಒದ್ದೆಯಾಗಿತ್ತು. ನಾನು ಓಡಿಹೋಗಿ ಎತ್ತಲು ಬಗ್ಗಿದೆ.

"ನೋಡ್ಕೋ," ಎಂದರು. ಅವರ ಮಾತು ಆಗಲೇ ಮಂದವಾಗಿತ್ತು. "ಇವನೇ ನಿನ್ನ ಹೊಸಬ. ಚೆನ್ನಾಗಿ ನೋಡ್ಕೋ."

"ಮೇಷ್ಟ್ರೇ..."

"ಸುಳ್ಳು ಹೇಳಿದ್ದೆ ನಾನು. ದಿನಾ ಅದೇ ಹಾಲನ್ ಏಳ್ತಾನೆ, ಇಷ್ಟಿಷ್ಟೇ ಕಡಿಮೆಯಾಗಿ. ಇವತ್ತು ಪ್ರಾರ್ಥನೆ ಮಾಡಿದೆ, ಏನೂ ಬರಲಿಲ್ಲ. ಕೂನೂರಿಗೆ ಹೋಗು, ಚಿನ್ನಿ. ನಿನ್ನ ಮುಂದೆ ಹೀಗೆ ಬಿದ್ದಿರೋಕೆ ನನ್ನಿಂದಾಗಲ್ಲ."

ಪಂಚೆ ಬದಲಿಸಿ, ಹಾಸಿಗೆಗೆ ಸೇರಿಸಿ ಬಂದೆ. ಅವರು ಗೋಡೆಯ ಕಡೆ ತಿರುಗಿ ಅಳುತ್ತಿದ್ದರು. ಅಂದು ಕೀಲಿ ಕೊಡುವಾಗ ಎಣಿಸುವವರಿರಲಿಲ್ಲ. ಪ್ರಶ್ನೆ ಕೇಳುವ ಧೈರ್ಯವೂ ನನಗೆ ಉಳಿದಿರಲಿಲ್ಲ. ನನ್ನ ಹಟ ಅವರನ್ನು ಹಿಂಸಿಸುತ್ತಿದೆ, ಅಷ್ಟೇ ಅನಿಸಿತು.

ಶನಿವಾರ ಹೋದಾಗ ಅವರು ಬೆಂಚಿನಲ್ಲಿದ್ದರು. ಒಂದೇ ಕೋಲು ಊರಿ, ಗೋಡೆ ಹಿಡಿದು ಬಂದಿದ್ದರಂತೆ. ಅಂಗಿಯ ಒಂದು ಗುಂಡಿಯೂ ಹಾಕಿರಲಿಲ್ಲ. ನಾನು ಅವರ ಮುಖ ನೋಡದೆ ಸ್ಟೂಲು ಹತ್ತಿ ಹದಿನಾಲ್ಕು ಸುತ್ತು ತಿರುಗಿಸಿದೆ. ಇಳಿದೆ. ಕೀಲಿಯನ್ನು ಮೊಳೆಗೆ ತೂಗುಹಾಕಿದೆ. ಪೊರಕೆ ಮೂಲೆಗಿಟ್ಟು ಬಾಗಿಲವರೆಗೂ ಹೋದೆ.

"ಚಿನ್ನಿ."

ನಿಂತೆ.

"ಇವತ್ತಿನವನನ್ನ... ಯಾರೂ ಕೇಳಲೇ ಇಲ್ಲವಲ್ಲ."

ತಿರುಗಿ ನೋಡಿದೆ. ಅದೇ ಮುಖ. ಪ್ರಾರ್ಥನೆಯಿಂದ ಎದ್ದಾಗಿನ ಆ ಇನ್ನೊಂದು ಮುಖ.

"ನಿನ್ನೆ ಏನೂ ಬರಲಿಲ್ಲ ಅಂದ್ರಿ," ಎಂದೆ.

"ನಿನ್ನೆ ನಾನು ವರ್ಷಗಳನ್ನ ಕೇಳಿದ್ದೆ. ನಿನಗೆ ಕೊಡೋಕೆ. ಅದಕ್ಕೇ ಬರಲಿಲ್ಲ." ಒಂದೊಂದು ಮಾತಿಗೂ ಉಸಿರು ಎಳೆದುಕೊಳ್ಳುತ್ತಿದ್ದರು. "ಇವತ್ತು ಇವತ್ತಿಗೆ ಮಾತ್ರ ಕೇಳಿದೆ. ಬಂತು. ಒಂದು ದಿನಕ್ಕೆ ಆಗುವಷ್ಟು. ನನ್ನ ಹತ್ತಿರ ಇರೋದು ಇಷ್ಟೇ, ಚಿನ್ನಿ. ಬೇಕಾ ನಿನಗೆ?"

ಓಡಿಹೋಗಿ ಅವರ ಮುಂದೆ ಕುಳಿತೆ. ಒಂದೊಂದಾಗಿ ಗುಂಡಿ ಹಾಕತೊಡಗಿದೆ.

"ಮೇಷ್ಟ್ರೇ, ಮದ್ವೆ ಆಗ್ತೀರಾ?"

"ಹೂಂ."

ಭಾನುವಾರ ಅಯ್ಯನವರು ನಮ್ಮಿಬ್ಬರ ಹೆಸರು ಓದಿದರು. ಅಪ್ಪ ಮೂಗು ಒರೆಸಿಕೊಳ್ಳುತ್ತ ಕೂತಿದ್ದ. ಮದುವೆಯ ದಿನ ಹೊರಬಂದಾಗ ಕರ್ಪೂರದ ಮರದ ಕೆಳಗೆ ಬಿಳಿ ಬಟ್ಟೆ ಉಟ್ಟು, ತಲೆಗೂ ಬಿಳಿ ವಸ್ತ್ರ ಸುತ್ತಿದ ಮುದುಕಿಯೊಬ್ಬಳು ನಿಂತಿದ್ದಳು. ಮದುವೆಯ ಸುದ್ದಿ ಕೇಳಿ ಬಂದ ಮೇಷ್ಟ್ರ ತಾಯಿ. ಕುರ್ಚಿಯಲ್ಲಿ ಹೊತ್ತು ತಂದ ಮಗನನ್ನು ನೋಡಿ, "ಎನ್ನ ಮಗ ಇಷ್ಟು ಇಳಿದುಹೋದನೇ," ಎಂದಳು. ಬಡಗರಲ್ಲಿ ಕಿರಿಯರು ತಲೆಬಾಗಿದರೆ ಹಿರಿಯರು ನೆತ್ತಿ ಮುಟ್ಟಿ ಹರಸುತ್ತಾರೆ. ನಾನು ಬಾಗಿದೆ. ಅವಳ ಕೈ ಮೊದಲು ಮಗನ ತಲೆಯ ಮೇಲೆ, ಆಮೇಲೆ ನನ್ನ ತಲೆಯ ಮೇಲೆ ಬಂತು. ಹನ್ನೆರಡು ವರ್ಷದ ಮೇಲೆ ತಾಯಿ ಕೈ ತಗುಲಿ ಮೇಷ್ಟ್ರು ಮಗುವಿನಂತೆ ಅತ್ತರು.

ಅತ್ತೆ ದಿನಾ ಬೆಳಿಗ್ಗೆ ಹಟ್ಟಿಯಿಂದ ಹಾಲು ತರತೊಡಗಿದಳು. ಮೊದಮೊದಲು ಹೊಸ್ತಿಲಾಚೆ, ಆಮೇಲೆ ಒಳಗೆ. ಅವಳು ನಮ್ಮ ದೇವರಿಗೆ ಕೈಮುಗಿಯಲಿಲ್ಲ, ನಾವು ಮುಗಿ ಎನ್ನಲೂ ಇಲ್ಲ. ಮೂಲೆಯಲ್ಲಿ ಕೂತು ನಮ್ಮಿಬ್ಬರ ಆಟ ಕೇಳುತ್ತಿದ್ದಳು.

ಕೀಲಿ ಕೊಟ್ಟು ಬಂದು ನಾನು ಕೇಳುತ್ತಿದ್ದೆ: "ಯಾರು ನೀವು? ನಿನ್ನೆಯವ್ರಾ, ಇವತ್ತಿನವ್ರಾ?"

"ಇವತ್ತಿನವನು."

"ಮದ್ವೆ ಆಗ್ತೀರಾ?"

"ಹೂಂ."

ಹೀಗೆ ನಾವು ದಿನಾ ಮದುವೆಯಾದೆವು. ಮಾತು ಪೂರ್ತಿ ನಿಂತ ಮೇಲೆ ಅವರು ಕಣ್ಣು ಮಿಟುಕಿಸಿ ಹೇಳುತ್ತಿದ್ದರು. ಒಂದು ಸಲ ಮಿಟುಕಿಸಿದರೆ ಹೂಂ. ಎರಡು ಸಲ ಮಿಟುಕಿಸಿ ನನ್ನನ್ನು ಹೆದರಿಸಿ, ಆಮೇಲೆ ಕಣ್ಣಲ್ಲೇ ನಗುತ್ತಿದ್ದದ್ದೂ ಉಂಟು. ಮೈಯಲ್ಲಿ ಎಲುಬು ಬಿಟ್ಟು ಏನೂ ಉಳಿದಿರಲಿಲ್ಲ. ಆದರೆ ಆ ಕಣ್ಣೊಳಗಿದ್ದವನು ಪ್ರತಿದಿನವೂ ಹೊಸಬನೇ. ಎಷ್ಟು ದಿನ ಹೀಗಿದ್ದೆವೆಂದು ನಾನು ಎಣಿಸಲಿಲ್ಲ. ಎಣಿಸಬಾರದೆಂದು ನಮ್ಮಿಬ್ಬರ ಮಾತಾಗಿತ್ತು.

ಜನವರಿಯಲ್ಲಿ ಹುಲ್ಲಿನ ಮೇಲೆ ಹಿಮ ಬಿದ್ದ ಒಂದು ಬೆಳಿಗ್ಗೆ ಕೀಲಿ ಕೊಟ್ಟು ಬಂದು ಕೇಳಿದೆ. ಕಣ್ಣು ಮಿಟುಕಲಿಲ್ಲ. ಇನ್ನೊಮ್ಮೆ ಕೇಳಿದೆ. ಅತ್ತೆ ಎದ್ದು ಬಂದು ನನ್ನ ಭುಜ ಹಿಡಿದುಕೊಂಡಳು.

ಮರುದಿನ ಬೆಳಿಗ್ಗೆಯೂ ಹೋಗಿ ಕೀಲಿ ಕೊಟ್ಟು ಬಂದೆ. ಮಧ್ಯಾಹ್ನ ಮಣ್ಣು ಮಾಡಿದೆವು. ಅದರ ಮಾರನೇ ಬೆಳಿಗ್ಗೆ ನನ್ನಿಂದ ಏಳಲಾಗಲಿಲ್ಲ. ಏಳುವುದು ಬೇಕಿರಲೂ ಇಲ್ಲ. ಆರಾಗುತ್ತ ಬಂತು, ಕಿಟಕಿ ಬೆಳ್ಳಗಾಯಿತು. ಗಡಿಯಾರ ನಿಲ್ಲಲಿ, ಅಂದುಕೊಂಡೆ. ದೇವರ ಮೇಲೂ ಸಿಟ್ಟಿತ್ತು. ಕಂಬಳಿ ಎಳೆದು ಮುಖ ಮುಚ್ಚಿಕೊಂಡೆ.

ಬಾಗಿಲು ಸದ್ದಾಯಿತು. ಅತ್ತೆ ಹಾಲಿನ ಚೆಂಬು ಕೆಳಗಿಟ್ಟು ನನ್ನ ಹಾಸಿಗೆಯ ಪಕ್ಕ ಕೂತಳು. ಕಂಬಳಿ ಸರಿಸಿ ನನ್ನ ನೆತ್ತಿಯ ಮೇಲೆ ಕೈ ಇಟ್ಟಳು.

"ಯಾರವ್ವಾ ನೀನು?" ಎಂದಳು. "ನಿನ್ನೆಯವಳಾ, ಇವತ್ತಿನವಳಾ?"

ಅವಳ ದನಿ ಒಡೆದುಹೋಗಿತ್ತು. ಆದರೂ ಉತ್ತರಕ್ಕೆ ಕಾಯುತ್ತ ನನ್ನ ಮುಖವನ್ನೇ ನೋಡುತ್ತಿದ್ದಳು. ಆ ಕಣ್ಣು ಮಗನದೇ ಕಣ್ಣು.

ನಾನು ತುಂಬ ಹೊತ್ತು ಅತ್ತೆ. ಒಂದು ದಿನಕ್ಕೆ ಆಗುವಷ್ಟು ಕೊಡು ಎಂದು ದೇವರನ್ನು ಕೇಳಿಕೊಂಡೆ. ಆಮೇಲೆ, "ಇವತ್ತಿನವಳು, ಅತ್ತೆ," ಎಂದೆ.

ಅವಳು ಕೈಹಿಡಿದು ಎಬ್ಬಿಸಿದಳು. ಇಬ್ಬರೂ ಚರ್ಚಿಗೆ ಹೋದೆವು. ಗಡಿಯಾರ ಇನ್ನೂ ನಡೆಯುತ್ತಿತ್ತು. ನಾನು ಸ್ಟೂಲು ಹತ್ತಿದೆ, ಅವಳು ಕೆಳಗೆ ನಿಂತು ಸ್ಟೂಲು ಹಿಡಿದುಕೊಂಡಳು. ಹದಿನಾಲ್ಕು ಸುತ್ತನ್ನೂ ನಾನೇ ಎಣಿಸಿದೆ.